ಗಟ್ಟಿಗಿತ್ತಿಯನ್ನು ನಂಬದವರು

ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪಗಿತ್ತು. ಗುಂಡ್ಲುಪೇಟೆಯ ನಮ್ಮ ಪಿಯು ಕಾಲೇಜಿನಲ್ಲಿ ಗಂಟೆಯೆಂದರೆ ಮರಕ್ಕೆ ತೂಗುಬಿಟ್ಟ ರೈಲು ಕಂಬಿಯ ತುಂಡು. ಅದನ್ನು ಕಬ್ಬಿಣದ ಸರಳಿನಿಂದ ಬಾರಿಸುತ್ತಿದ್ದವರು ಅಟೆಂಡರಮ್ಮ. ಗುರಿ ತಪ್ಪಿದ ಪೆಟ್ಟಿಗೆ ಅವರ ಉಗುರು ಹಾಗಾದದ್ದು ಎಂದು ನೆನಪು. ಬಾಗಿಲಿಗೆ ಸಿಕ್ಕಿ ಆದದ್ದೂ ಇರಬಹುದು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಊಟದ ಬಿಡುವು ಮುಗಿಯುವ ಹೊತ್ತಿಗೆ ಕಸ ಗುಡಿಸುವ ನೆಪದಲ್ಲಿ ನಮ್ಮ ತರಗತಿಗೆ ಬರುತ್ತಿದ್ದರು. ನನ್ನ ಊಟದ ಡಬ್ಬವನ್ನು ಎತ್ತಿ, ಭಾರ ನೋಡಿ, ಇಟ್ಟುಬಿಡುತ್ತಿದ್ದರು. ಆಗಿನ ಡೈರಿಯಲ್ಲಿ ಹೀಗಿದೆ: "ಅಟೆಂಡರ್ ಇವತ್ತೂ ಡಬ್ಬ ಮುಟ್ಟಿದಳು. ಕಳ್ಳಿ ಇರಬೇಕು." ಈಗ ಬಹುವಚನದಲ್ಲಿ ಬರೆಯುತ್ತಿರುವವಳೇ ಆಗ ಹಾಗೆ ಬರೆದದ್ದು.

ಅಪ್ಪ ಲಾರಿಗೆ ತರಕಾರಿ ಮೂಟೆ ಹೇರುವಾಗ ಬಿದ್ದು ಸೊಂಟ ಮುರಿದುಕೊಂಡು ವರ್ಷವಾಗಿತ್ತು. ಅವ್ವ ಶುಂಠಿ ಹೊಲದ ಕೆಲಸಕ್ಕೆ ವಯನಾಡಿಗೆ ಹೋದರೆ ಬರುತ್ತಿದ್ದುದು ಶನಿವಾರವೇ. ಅಪ್ಪನನ್ನು ಎತ್ತಿ ಕೂರಿಸುವುದು, ಮುದ್ದೆ ಕಟ್ಟುವುದು, ತಮ್ಮನನ್ನು ಶಾಲೆಗೆ ಕಳಿಸುವುದು ನನ್ನ ಪಾಲು. ಆದರೂ ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬಂದೆ. "ಕಷ್ಟದಲ್ಲಿ ಅರಳಿದ ಹುಡುಗಿ" ಎಂದು ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾನು ಅಳುತ್ತಿರಲಿಲ್ಲ, ಅದನ್ನೇ ಎಲ್ಲರೂ ಧೈರ್ಯ ಅಂದುಕೊಂಡರು. ನಿದ್ದೆ ಬಿಟ್ಟುಹೋಗಿ, ಅನ್ನ ಗಂಟಲಲ್ಲಿ ಇಳಿಯದೆ, ಇರುವುದೇ ಬೇಡ ಅನ್ನಿಸತೊಡಗಿದ್ದು ನನಗಷ್ಟೇ ಗೊತ್ತಿತ್ತು.

ಶಾಲು ಹೊದಿಸಿದ ಮರುದಿನವೋ ಮರುವಾರವೋ ಗಂಟೆಯ ಪಕ್ಕದ ಕಟ್ಟೆಯ ಮೇಲೆ ಕೂತಿದ್ದೆ. ಗಂಟೆ ಬಾರಿಸಿದ ಅಟೆಂಡರಮ್ಮ ಸರಳು ಕೆಳಗಿಟ್ಟು ನನ್ನ ಮುಂದೆ ಕುಕ್ಕರಿಸಿದರು.

"ಕಿವಿ ಪಕ್ಕದಲ್ಲೇ ಬಾರುಸ್ದೆ. ರೆಪ್ಪೆನೂ ಅಲ್ಲಾಡ್ನಿಲ್ವಲ್ಲಮ್ಮಿ ನೀನು."

"ಓದಿದ್ದ ನೆಪ್ಪು ಮಾಡ್ಕತಿದ್ದೆ."

"ಸುಳ್ಳ್ ಏಳ್ಬ್ಯಾಡ. ತಂದ ಡಬ್ಬ ತಂದಂಗೇ ವಾಪಸ್ ಓಯ್ತದೆ. ಎಲ್ರೂ ಗಟ್ಟಿಗಿತ್ತಿ ಅಂತಾರೆ, ನಂಗ್ಯಾಕೋ ಅನುಮಾನ ಕಣಮ್ಮಿ."

"ನಮ್ಮನೆ ಇಚಾರ ನಿಮಗ್ಯಾಕೆ?"

"ಬ್ಯಾರೆ ಕೆಲ್ಸ ಇಲ್ಲ ನಂಗೆ, ಅದುಕ್ಕೆ," ಎಂದು ಎದ್ದುಹೋದರು.

ಎರಡು ದಿನ ಕಳೆದು, ವಾರದ ನಡುವೆಯೇ, ಅವ್ವ ಕಾಲೇಜಿಗೆ ಬಂದು ನಿಂತಳು. ಅಟೆಂಡರಮ್ಮ ನನ್ನ ಪ್ರವೇಶದ ಅರ್ಜಿಯಿಂದ ನಂಬರು ತೆಗೆದು ಫೋನು ಮಾಡಿದ್ದರು. "ಮಗೀಗೆ ರಕ್ತ ಕಮ್ಮಿ ಕಣವ್ವ, ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಓಗನ" ಎಂದಿದ್ದರಂತೆ. ನಮ್ಮ ಕಡೆ ಹುಡುಗಿ ಬಳಲಿದರೆ ರಕ್ತ ಕಮ್ಮಿ. ಅದಕ್ಕೆ ಯಾರೂ ಹೆದರುವುದಿಲ್ಲ, ಯಾರೂ ಹೆಚ್ಚು ಕೇಳುವುದೂ ಇಲ್ಲ. ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗ ಮಾತ್ರ ಅವರು ಕಿಟಕಿಗೆ ಬಾಗಿ, "ಮನಸ್ಸಿನ ಡಾಕ್ಟ್ರು" ಎಂದು ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

"ನನ್ನ ಹುಚ್ಚಿ ಮಾಡ್ಬುಟ್ರಿ," ಎಂದೆ.

"ಬೈಕೊ. ನನ್ನ ಬೈಯಾಕಾದ್ರೂ ನೀನಿರ್ಬೇಕಲ್ಲ," ಎಂದರು.

ಒಳಗೆ ಹೋದ ಮೇಲೆ ಅವ್ವನಿಗೂ ತಿಳಿಯಿತು. ಇನ್ನು ಬೀದಿಗೆಲ್ಲ ಸುದ್ದಿ ಹಬ್ಬುತ್ತದೆ ಎಂದು ತಿಂಗಳುಗಟ್ಟಲೆ ಕಾದೆ. ಯಾರಿಬ್ಬರು ಮಾತಾಡುತ್ತಿದ್ದರೂ ನನ್ನ ವಿಷಯವೇ ಎಂದು ಕಿವಿಗೊಡುತ್ತಿದ್ದೆ. ಸುದ್ದಿ ಹಬ್ಬಲೇ ಇಲ್ಲ. ಮಾತ್ರೆಯೋ, ಡಾಕ್ಟರ ಮುಂದೆ ಅತ್ತದ್ದೋ, ಅವ್ವ ವಯನಾಡು ಬಿಟ್ಟು ಊರಿನ ಈರುಳ್ಳಿ ಮಂಡಿಗೆ ಸೇರಿದ್ದೋ, ಯಾವುದು ನನ್ನನ್ನು ಉಳಿಸಿತು ಎಂದು ಆಣೆಯಿಟ್ಟು ಹೇಳಲಾರೆ. ಮೊದಲು ಅನುಮಾನಪಟ್ಟವರು ಅವರು. ಅಷ್ಟು ಖಚಿತ.

ಕಳೆದ ವರ್ಷ ಅವರು ತೀರಿಕೊಂಡಾಗ ಬೇಗೂರಿನ ಮನೆಗೆ ಹೋದೆ. ಹಣೆ ತುಂಬ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ನನ್ನ ಅಳು ನಿಲ್ಲಲಿಲ್ಲ. ಅವರ ಸೊಸೆ ಬಂದು, "ನೀವು ಯಾರಾಗ್ಬೇಕವ್ವ ನಮ್ಮತ್ತೆಗೆ?" ಎಂದು ಕೇಳಿದಳು. ಸುತ್ತ ಜನ ಇದ್ದರು.

"ಅವರ ಕಾಲೇಜಲ್ಲಿ ಓದಿದ್ದೆ," ಎಂದಷ್ಟೇ ಹೇಳಿದೆ.

ಅವರು ನನ್ನ ವಿಷಯವನ್ನು ಮುಚ್ಚಿಟ್ಟದ್ದು ನನಗಾಗಿ. ಆ ಸಾವಿನ ಮನೆಯಲ್ಲಿ ನಾನು ಮುಚ್ಚಿಟ್ಟದ್ದೂ ನನಗಾಗಿಯೇ. ಆ ಸೊಸೆಗೆ ಉಳಿದ ಮಾತು ಹೇಳಿಬರಬೇಕು. ಬೇಗೂರಿಗೆ ಬಸ್ಸುಗಳಿಗೇನೂ ಕೊರತೆಯಿಲ್ಲ. ನಾನಿನ್ನೂ ಹೋಗಿಲ್ಲ.