ಪರದೇಶದ ಘಾಟಿನಲ್ಲಿ ಬಸ್ಸು ನಿಲ್ಲಿಸುವ ಬಗೆ

ನೇಪಾಳಕ್ಕೆ ಹೊರಟಿದ್ದೇನೆ ಎಂದು ಹಾನಗಲ್ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಹಾವೇರಿಯ ಆಚೆ ಹೋಗದವರೂ ಹಿಮಾಲಯದ ರಸ್ತೆಯ ಬಗ್ಗೆ ಬುದ್ಧಿ ಹೇಳಿದರು. ಒಬ್ಬ ಕರ್ಪೂರ ಮೂಸು ಎಂದ, ಇನ್ನೊಬ್ಬ ಬೆಳ್ಳುಳ್ಳಿ ಕಡಿ ಎಂದ. ಎರಡನ್ನೂ ಒಟ್ಟಿಗೆ ಮಾಡಿದರೆ ಪಕ್ಕದ ಸೀಟಿನವನ ಗತಿ ಏನು ಎಂದು ಯಾರೂ ಹೇಳಲಿಲ್ಲ. ಸವಣೂರಿನಿಂದ ವೀಳ್ಯದೆಲೆ ತಂದು ಮಾರುವ ನನ್ನ ಹಳೆಯ ಗೆಳೆಯ ಮಾತ್ರ ಒಂದು ಕಟ್ಟು ಎಲೆ ಕೈಗಿಟ್ಟು, "ದೋಸ್ತ, ಅಲ್ಲಿ ಡ್ರೈವರ್‌ಗ ಶಾಣ್ಯಾತನ ಹೇಳಾಕ ಹೋಗಬ್ಯಾಡ. ಭಾಬಿನ್ನ ಕರಕೊಂಡು ಹೊಂಟಿ, ಹಂಗ ಕರಕೊಂಡು ಬಾ," ಅಂದ.

ನನಗೆ ಸಿಟ್ಟು ಬಂತು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನಿಗೆ ಎಲೆ ಮಾರುವವನು ಬುದ್ಧಿ ಹೇಳುವುದೇ? ಹಾನಗಲ್ಲಿನಿಂದ ಹಿರೇಕೆರೂರು, ಸವಣೂರಿನಿಂದ ಹುಲಗೂರು, ಯಾವ ತಗ್ಗು ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುವವನು ನಾನು. ನಮ್ಮ ಕಡೆ ಅಂಥ ಬೆಟ್ಟವಿಲ್ಲ ನಿಜ. ಆದರೆ ತಗ್ಗುಗಳಿಗೆ ಕೊರತೆಯಿಲ್ಲ, ಮತ್ತು ತಗ್ಗು ಎಂದರೆ ತಲೆಕೆಳಗಾದ ಬೆಟ್ಟವೇ ತಾನೆ?

ನಮ್ಮನ್ನು ಕರೆದೊಯ್ದ ಶಿಗ್ಗಾವಿಯ ಯಾತ್ರೆ ಏಜೆಂಟ್ ಎಲ್ಲರಿಗೂ ಒಂದು ಮುದ್ರಿತ ಹಾಳೆ ಹಂಚಿದ್ದ. ಪರದೇಶದ ಬೆಟ್ಟಗಳಲ್ಲಿ ಬಸ್ ಪ್ರಯಾಣ ಮಾಡುವವರಿಗೆ ಸೂಚನೆಗಳಂತೆ. ಕಿಟಕಿಯಿಂದ ಕೆಳಗೆ ನೋಡಬಾರದು. ಪ್ರಕೃತಿ ಸೌಂದರ್ಯವನ್ನು ತಪ್ಪದೆ ಸವಿಯಬೇಕು. ಖಾಲಿ ಹೊಟ್ಟೆಯಲ್ಲಿ ಹತ್ತಬಾರದು, ಉಂಡು ಹತ್ತಲೂಬಾರದು. ಕೊನೆಗೆ, ಮಹಿಳೆಯರು ಹಿಂದಿನ ದಿನದಿಂದಲೇ ನೀರು ಕಡಿಮೆ ಮಾಡಬೇಕು. "ಇಡೀ ಹಾಳ್ಯಾಗ ಅನುಭವ ಇದ್ದಾಂವ ಬರದ ಮಾತು ಇದೊಂದ ನೋಡು," ಎಂದು ನನ್ನವಳಿಗೆ ಓದಿ ಹೇಳಿದೆ. ಅವಳು ನೀರಿನ ಬಾಟಲಿ ತುಂಬಿಸಿ ಚೀಲಕ್ಕೆ ಹಾಕಿಕೊಂಡಳು. ಅವಳಿಗೆ ಎಂಟು ವರ್ಷದಿಂದ ಶುಗರ್. ಆಗಾಗ ಬಾಯಿ ಒಣಗುತ್ತದೆ, ಆಗಾಗ ಏಳಬೇಕಾಗುತ್ತದೆ.

ಪೋಖರಾದಿಂದ ಮುಕ್ತಿನಾಥದ ಕಡೆಗೆ ಅಲ್ಲಿನ ಜನರ ಬಸ್ಸಿನಲ್ಲೇ ಹೋಗಬೇಕಿತ್ತು. ಬಸ್ಸು ಬಂದು ನಿಲ್ಲುವುದರೊಳಗೆ, ನಮ್ಮ ಕಡೆಯವರು ಯಾರೇ ಆದರೂ ಮಾಡುವುದನ್ನು ನಾನು ಮಾಡಿದೆ. ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯೊಳಗಿಂದ ಸೀಟಿನ ಮೇಲೆ ಎಸೆದೆ. ಟವೆಲ್ ಬಿದ್ದ ಸೀಟು ನಮ್ಮ ತಾಲೂಕಿನಲ್ಲಿ ಅಪ್ಪನ ಆಸ್ತಿ ಇದ್ದಂತೆ, ಯಾರೂ ಮುಟ್ಟುವುದಿಲ್ಲ. ಒಳಗೆ ಹೋಗಿ ನೋಡಿದರೆ ಸೀಟಿನಲ್ಲಿ ಅಜ್ಜಿಯೊಬ್ಬಳು ಕೋಳಿ ಸಮೇತ ಕೂತಿದ್ದಾಳೆ. ಚಾಲಕ ನನ್ನ ಟವೆಲ್ಲಿನಿಂದ ಮುಂದಿನ ಗಾಜು ಒರೆಸುತ್ತಿದ್ದಾನೆ! ಒರೆಸಿ, ನಕ್ಕು, ಕೈಮುಗಿದು ಹಿಂದಕ್ಕೆ ಕೊಟ್ಟ. ಗಾಜು ಸ್ವಚ್ಛವಾದದ್ದು ಎಲ್ಲರ ಒಳ್ಳೆಯದಕ್ಕೇ ಎಂದು ನಾನೂ ನಕ್ಕೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಹಿಂದಿನಿಂದ ಎರಡನೆಯ ಸೀಟು ಸಿಕ್ಕಿತು.

ಬಸ್ಸು ಏರತೊಡಗಿತು. ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ನೋಡಿದರೆ ಏನೂ ಇಲ್ಲ, ಬಹಳ ಕೆಳಗೆ ಬೂದಿ ಬಣ್ಣದ ನದಿ. ಪ್ರತಿ ತಿರುವಿನಲ್ಲೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಹೆದರಿದ್ದೇನೆ ಎಂದು ತೋರಿಸಬಾರದಲ್ಲ, ಹಾಗಾಗಿ ಬಾಯಿ ನಿಲ್ಲಿಸಲಿಲ್ಲ. ಇಲ್ಲಿ ಎರಡನೇ ಗೇರು ಸಾಕು, ಅಲ್ಲಿ ಹಾರ್ನು ಹಾಕಬೇಕಿತ್ತು ಎಂದು ಪಕ್ಕದಲ್ಲಿ ಕೂತವಳಿಗೆ ಪಾಠ ಮಾಡಿದೆ. ಅವಳು ಹಲ್ಲು ಕಚ್ಚಿ, ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದಳು. ಬೆಟ್ಟಕ್ಕೆ ಹೆದರಿದ್ದಾಳೆ ಎಂದುಕೊಂಡೆ.

"ನಂಗ ಇಳೀಬೇಕ್ರಿ," ಎಂದಳು.

"ಇಲ್ಲಿ? ಹುಚ್ಚಿ, ಇಲ್ಲೇನೈತಿ?"

"ಏನೂ ಇರಬೇಕಾಗಿಲ್ಲ. ಇಳೀಬೇಕು."

ಆಗ ತಿಳಿಯಿತು. ತಿಳಿದ ಮೇಲೂ ನಾನು ಹೇಳಿದ್ದು ಇಷ್ಟೇ: "ಇನ್ನೇನು ಊರು ಬಂತು, ತಡಕೋ. ಘಾಟಿನ್ಯಾಗ ಡ್ರೈವರ್‌ನ್ನ ಮಾತಾಡಸಬಾರ್ದು." ಊರು ಎಷ್ಟು ದೂರವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅದೇ ಕಸುಬಿನವನಾಗಿ, ಹೆಂಡತಿಗೆ ಹೋಗಬೇಕಾಗಿದೆ ಎಂದು ಆ ಚಾಲಕನ ಮುಂದೆ ಹೇಳಲು ನನಗೆ ನಾಚಿಕೆ. ಮುಂದೆ ಕೂತಿದ್ದ ಏಜೆಂಟನಿಗೆ ಕೂಗಿದೆ. ಅವನು ತಿರುಗಿ, "ಹಾಳ್ಯಾಗ ಬರದಿದ್ನೆಲ್ರೀ ಸರ!" ಎಂದ. ಇನ್ನೂ ಒಂದು ಗಂಟೆ ಬಸ್ಸು ನಿಲ್ಲುವುದಿಲ್ಲವಂತೆ.

ಬಸ್ಸು ಒಂದು ತಗ್ಗಿಗೆ ಬಿದ್ದು ಎದ್ದಿತು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದೆ. ಅರವತ್ತು ದಾಟಿದ ಹೆಂಗಸು, ತುಂಬಿದ ಬಸ್ಸಿನಲ್ಲಿ, ಗುರುತಿಲ್ಲದ ಜನರ ನಡುವೆ ಮಾನ ಹೋದೀತೆಂದು ನಡುಗುತ್ತಿದ್ದಳು. ಆದರೂ ನಾನು ಸೀಟು ಬಿಟ್ಟು ಏಳಲಿಲ್ಲ. ಅವಳೇ ಎದ್ದಳು. ಕಂಬಿಯಿಂದ ಕಂಬಿಗೆ ಕೈಯಿಡುತ್ತ ಮುಂದೆ ಹೋಗಿ, ಚಾಲಕನ ಬೆನ್ನ ಹಿಂದೆ ನಿಂತು, ಅಚ್ಚ ಹಾನಗಲ್ ಕನ್ನಡದಲ್ಲಿ, "ತಮ್ಮಾ, ಗಾಡಿ ನಿಲ್ಲಸಪಾ. ನನ್ನ ಕೈಲೆ ಆಗೂದಿಲ್ಲ," ಎಂದಳು.

ಅವನಿಗೆ ಕನ್ನಡ ಎಲ್ಲಿಂದ ಬರಬೇಕು? ಕನ್ನಡಿಯಲ್ಲಿ ಅವಳ ಮುಖ ನೋಡಿದ. "ಆಮಾ," ಎಂದ, ಅಂದರೆ ಅವರಲ್ಲಿ ಅವ್ವ. ಮುಂದಿನ ತಿರುವು ದಾಟಿ, ರಸ್ತೆ ಸ್ವಲ್ಪ ಅಗಲವಾದಲ್ಲಿ ನಿಲ್ಲಿಸಿದ. ಅವಳು ಇಳಿದದ್ದೇ ತಡ, ಕೋಳಿಯ ಅಜ್ಜಿ ಎದ್ದಳು, ನಮ್ಮ ಗುಂಪಿನ ಹೆಂಗಸರೆಲ್ಲ ಎದ್ದರು, ಹಿಂದಿನ ಸೀಟಿನ ಹುಡುಗಿಯರು ಎದ್ದರು. ಎಲ್ಲರೂ ಕಾಯುತ್ತಿದ್ದರು, ಯಾರೂ ಕೇಳಿರಲಿಲ್ಲ. ದೊಡ್ಡ ಬಂಡೆಯ ಆಚೆ ಅಜ್ಜಿ ತನ್ನ ಶಾಲು ಬಿಚ್ಚಿ ಮರೆ ಹಿಡಿದಳು. ಚಾಲಕ ಕನ್ನಡಿಯನ್ನು ಬೇರೆ ಕಡೆ ತಿರುಗಿಸಿ, ಇಳಿದು ನದಿಯ ಕಡೆ ಮುಖ ಮಾಡಿ ನಿಂತ. ಏಜೆಂಟ್ ಗಡಿಯಾರ ನೋಡಿ ಲೊಚಗುಟ್ಟಿದ. ನಾನೂ ನೋಡಿದೆ, ಚಾಳಿ. ಏಳು ನಿಮಿಷ ಹಿಡಿಯಿತು.

ಅವಳು ಬಂದು ಕೂತು, ಚೀಲದಿಂದ ಬಾಟಲಿ ತೆಗೆದು ಅರ್ಧ ನೀರು ಗಟಗಟ ಕುಡಿದಳು.

"ಛಲೋ ಮನಶಾ," ಎಂದೆ ನಾನು, ಚಾಲಕನನ್ನು ಕುರಿತು. ಏನಾದರೂ ಮಾತಾಡಬೇಕಿತ್ತಲ್ಲ.

"ಹೌದ್ರಿ." ಬಾಟಲಿಯ ಮುಚ್ಚಳ ತಿರುಗಿಸಿದಳು. "ಚೊಚ್ಚಲ ಬಾಣಂತನಕ್ಕ ತವರಿಗೆ ಹೊಂಟಿದ್ದೆ, ನಿಮ್ಮ ಬಸ್ಸಿನ್ಯಾಗ. ಹಿರೇಕೆರೂರಿಗೆ. ಹೆಣಮಗಳೊಬ್ಬಾಕಿಗೆ ಇಳೀಬೇಕಂತ್ರಿ ಅಂತ ಕಂಡಕ್ಟರ್ ನಿಮಗ ಕೇಳಿದ್ದ. 'ಮನಿಯಾಗ ಮುಗಿಸ್ಕೊಂಡು ಬರಾಕ ಏನ್ ಧಾಡಿ, ತಿಳವಳ್ಳಿ ಬರೂತನಕ ಕುಂದ್ರಂತ ಹೇಳು' ಅಂದ್ರಿ. ಹಿಂದ ತಿರುಗಿ ಸೈತ ನೋಡಲಿಲ್ಲ. ಇಡೀ ಬಸ್ಸು ನಕ್ಕಿತ್ತು."

"ನೀ ಅಂತ ನನಗೇನ್ ಗೊತ್ತು? ಹೇಳಬಾರದಿತ್ತೇನು?"

"ಅಷ್ಟು ಮಂದಿ ನಕ್ಕ ಮ್ಯಾಲ ಆ ಹೆಣಮಗಳು ನಾನ ಅಂತ ಹೆಂಗ ಹೇಳ್ಲಿ? ತಿಳವಳ್ಳಿ ಬರೂದ್ರಾಗ ಸೀರಿ ಒದ್ದಿ ಆಗಿತ್ತು. ನೀರಿನ ತಂಬಿಗಿ ಚೆಲ್ತು ಅಂತ ಹೇಳಿದ್ದೆ ನಿಮಗ."

ಬಸ್ಸಿನಲ್ಲಿ ನಕ್ಕದ್ದು ನನಗೆ ನೆನಪಿಲ್ಲ. ಅಂಥ ನಗು ಎಷ್ಟೋ ಸಲ ಆಗಿರಬೇಕು, ಯಾವುದನ್ನೆಂದು ನೆನಪಿಡಲಿ? ಆದರೆ ತಿಳವಳ್ಳಿಯ ನಿಲ್ದಾಣ ನೆನಪಾಯಿತು. ಒದ್ದೆ ಸೀರೆಯಲ್ಲಿ, ಏಳು ತಿಂಗಳ ಹೊಟ್ಟೆ ಹೊತ್ತು ನಿಂತಿದ್ದವಳನ್ನು, ಒಂದು ತಂಬಿಗೆ ನೀರು ನೆಟ್ಟಗೆ ಹಿಡಿದುಕೊಂಡು ಕೂರಲು ಬರುವುದಿಲ್ಲವೇ ಎಂದು ಎಲ್ಲರೆದುರು ಬೈದಿದ್ದೆ.