ಪಾನಾ ಹತ್ತಿದ ಬಸ್ಸು

ಎಂಬತ್ತರ ದಶಕದ ನಡುಭಾಗದಲ್ಲಿ ನಾನು ಅಫಜಲಪುರದ ಬಸ್ ಡಿಪೋಗೆ ಮ್ಯಾನೇಜರನಾಗಿ ಬಂದೆ. ಮೊದಲ ವಾರವೇ ಮೇಲಿನ ಕಚೇರಿಯಿಂದ ಎರಡು ಕಾಗದ ಬಂದವು. ಡಿಪೋದೊಳಗಿನ ನಾಯಿಗಳನ್ನು ಹೊರಹಾಕಬೇಕೆಂದು ಒಂದರಲ್ಲಿತ್ತು. ಇನ್ನೊಂದು, ಚಾಲಕ ಗುರುಲಿಂಗಪ್ಪನನ್ನು ‘ಮೆಡಿಕಲಿ ಅನ್‌ಫಿಟ್’, ಅಂದರೆ ಬಸ್ ಓಡಿಸಲು ಅಯೋಗ್ಯನೆಂದು ಘೋಷಿಸಲು ನನ್ನ ಶಿಫಾರಸು ಕೇಳಿದ ಪತ್ರ.

ಗುರುಲಿಂಗಪ್ಪ ಹದಿನೆಂಟು ವರ್ಷ ಸರ್ವೀಸಾದವನು. ಆರು ತಿಂಗಳ ಹಿಂದೆ ಜೇವರ್ಗಿ ರಸ್ತೆಯಲ್ಲಿ ಅಡ್ಡಬಂದ ಲಾರಿಯೊಂದು ಅವನ ಬಸ್ಸಿಗೆ ಬಡಿದು, ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ತೀರಿಕೊಂಡಿದ್ದ. ಇಬ್ಬರೂ ಹಳೆಯ ಗೆಳೆಯರು. ವಿಚಾರಣೆಯಲ್ಲಿ ಗುರುಲಿಂಗಪ್ಪನ ತಪ್ಪಿಲ್ಲವೆಂದಾಯಿತು. ಆದರೆ ಅಂದಿನಿಂದ ಸ್ಟೇರಿಂಗ್ ಹಿಡಿದರೆ ಕೈ ನಡುಗುತ್ತಿತ್ತು. ವರ್ಕ್‌ಶಾಪಿನಲ್ಲಿ ಟೈರು ಜೋಡಿಸಿಡುತ್ತ ಕೂತಿದ್ದ; ಯಾರೊಂದಿಗೂ ಮಾತಿಲ್ಲ.

ವರ್ಕ್‌ಶಾಪಿನಲ್ಲಿ ಒಂದು ಕುಂಟು ಹೆಣ್ಣುನಾಯಿಯಿತ್ತು. ಮೆಕ್ಯಾನಿಕ್‌ಗಳು ಅದನ್ನು ಪಾನಾ ಎನ್ನುತ್ತಿದ್ದರು. ನಮ್ಮ ಕಡೆ ಸ್ಪ್ಯಾನರಿಗೆ ಆ ಹೆಸರು. ಒಂದು ಮಧ್ಯಾಹ್ನ ಗುಜರಿಗೆ ಹಾಕಿದ ಬಸ್ಸಿನೊಳಗೆ ದನಿ ಕೇಳಿ ಇಣುಕಿದೆ. ಗುರುಲಿಂಗಪ್ಪ ಚಾಲಕನ ಸೀಟಿನಲ್ಲಿ ಕೂತು, ಪಕ್ಕದ ಎಂಜಿನ್ ಡಬ್ಬಿಯ ಮೇಲೆ ಮಲಗಿದ್ದ ಪಾನಾಗೆ ಸತ್ತ ಗೆಳೆಯನ ಕತೆ ಹೇಳುತ್ತಿದ್ದ. ಎರಡೂ ಕೈ ಸ್ಟೇರಿಂಗ್ ಮೇಲಿದ್ದವು. ನಡುಗುತ್ತಿರಲಿಲ್ಲ.

ನನ್ನನ್ನು ಕಂಡು ಎದ್ದು ನಿಂತು, “ಇಕಿ ಸುಮ್ಮ ಕೇಳ್ತಾಳ್ರಿ ಸಾಹೇಬ್ರ. ಸಮಾಧಾನ ಮಾಡ್ಕೋ ಅನ್ನಂಗಿಲ್ಲ,” ಎಂದ.

ಆ ಸಂಜೆಯೇ ಎರಡೂ ಕಾಗದಗಳಿಗೆ ಒಂದೇ ಉತ್ತರ ಬರೆದೆ: ಚಾಲಕನಿಗೂ ನಾಯಿಗೂ ಒಟ್ಟಿಗೆ ಒಂದು ತಿಂಗಳ ಅವಕಾಶ ಕೊಡಿ, ಫಲ ಸಿಗದಿದ್ದರೆ ಹೊಣೆ ನನ್ನದು. ಮೇಲಿನ ಕಚೇರಿಯ ವಿಭಾಗೀಯ ಎಂಜಿನಿಯರ್ ಫೋನಿನಲ್ಲಿ ಸಿಟ್ಟಾದರು, ಆದರೆ ಬೇಡವೆನ್ನಲಿಲ್ಲ.

ಮೊದಲ ವಾರ ಖಾಲಿ ಬಸ್ಸು ಡಿಪೋ ಅಂಗಳದಲ್ಲೇ ಸುತ್ತಿತು, ಪಾನಾ ಪಕ್ಕದಲ್ಲಿ. ಒಮ್ಮೆ ಗೇಟಿನ ಬಳಿ ಲಾರಿಯ ಹಾರ್ನ್ ಕೇಳಿ ಅವನು ಬಸ್ಸು ನಿಲ್ಲಿಸಿ ಇಳಿದುಬಿಟ್ಟ. ನಾಯಿ ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಮರಳಿ ಹತ್ತಿದ. ಮೂರನೆಯ ವಾರ ಸೊನ್ನ ಊರಿನವರೆಗೆ ಹೋಗಿಬಂದರು.

ತಿಂಗಳು ತುಂಬಿದ ದಿನ ಎಂಜಿನಿಯರ್ ತಾವೇ ಪರೀಕ್ಷೆಗೆ ಬಂದರು. ಜೇವರ್ಗಿ ಮಾರ್ಗವಾಗಿ ನೆಲೋಗಿಗೆ ಹೋಗಿಬರಬೇಕು, ನಾಯಿ ಹತ್ತಬಾರದು ಎಂದರು. ದಾರಿ ಅಪಘಾತವಾದ ಜಾಗವನ್ನು ಹಾದೇ ಹೋಗುತ್ತಿತ್ತು. ನಾನು ಗಾಬರಿಯಾದೆ. ಗುರುಲಿಂಗಪ್ಪ ಪಾನಾಳ ತಲೆ ಸವರಿ, “ಇಲ್ಲೇ ಇರು, ಬರ್ತೇನಿ,” ಎಂದಷ್ಟೇ ಹೇಳಿ ಹತ್ತಿದ. ನಾನೂ ಎಂಜಿನಿಯರೂ ಹಿಂದೆಯೇ ಹತ್ತಿದೆವು.

ಆ ಜಾಗ ಬಂದಾಗ ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಗೇರ್ ಇಳಿಸಿದ, ಗೆಳೆಯನ ಹೆಸರು ಮೆಲ್ಲಗೆ ಹೇಳಿದ, ಮತ್ತೆ ಗೇರ್ ಏರಿಸಿದ. ಬಸ್ಸು ಎಲ್ಲೂ ಅಳುಕದೆ ನೆಲೋಗಿ ಮುಟ್ಟಿ ಮರಳಿತು. ಡಿಪೋ ಗೇಟಿನಲ್ಲಿ ಮೆಕ್ಯಾನಿಕ್‌ಗಳೆಲ್ಲ ಕೆಲಸ ಬಿಟ್ಟು ನಿಂತಿದ್ದರು. ಪಾನಾ ಮೂರು ಕಾಲಿನಲ್ಲೇ ಎಲ್ಲರಿಗಿಂತ ಮುಂದೆ ಓಡಿಬಂದಳು. ಎಂಜಿನಿಯರ್ ಫಿಟ್‌ನೆಸ್ ಪತ್ರಕ್ಕೆ ಸಹಿ ಹಾಕಿ, “ನಾಯಿ ಇರ್ಲಿ ಬಿಡ್ರಿ. ಡ್ಯೂಟಿ ಚಾರ್ಟಿನ್ಯಾಗ ಮಾತ್ರ ಬರೀಬ್ಯಾಡ್ರಿ,” ಎಂದರು.

ಗುರುಲಿಂಗಪ್ಪ ನಿವೃತ್ತಿಯವರೆಗೂ ಒಂದೂ ಅಪಘಾತವಿಲ್ಲದೆ ಓಡಿಸಿದ. ಬಸ್ಸು ಕೆಟ್ಟರೆ ಯಾವ ಬಿಡಿಭಾಗ ಬೇಕೆಂದು ನಾವು ತಕ್ಷಣ ವಿಚಾರಿಸುತ್ತೇವೆ. ಓಡಿಸುವವನಿಗೆ ಏನು ಬೇಕೆಂದು ಕೇಳುವುದನ್ನು ನಾನು ಕಲಿತದ್ದು ಆ ಡಿಪೋದಲ್ಲಿ, ಆ ಗುಜರಿ ಬಸ್ಸಿನ ಕಿಟಕಿಯಲ್ಲಿ ಇಣುಕಿದ ದಿನ.