ಗಂಗವ್ವನ ಎರಡು ಫೂಟಿನ ಕಟ್ಟೆ

ಮೂರು ವರ್ಷದ ಹಿಂದೆ ನಾನು ಇಂಟೀರಿಯರ್ ಡಿಸೈನ್ ಪದವಿಯ ಕೊನೆಯ ಸೆಮಿಸ್ಟರಿನಲ್ಲಿದ್ದೆ. ಹೇಳಿಕೊಳ್ಳುವುದಕ್ಕೆ ವಿದ್ಯಾರ್ಥಿ, ಕೆಲಸ ನೋಡಿದರೆ ಹಮಾಲಿ. ಬೆಳಿಗ್ಗೆ ಗದಗಿನಲ್ಲಿ ರೈಲು ಹತ್ತಿ ಹುಬ್ಬಳ್ಳಿಯ ಕಾಲೇಜಿಗೆ, ಸಂಜೆ ರೈಲಿನಲ್ಲಿ ನಿಂತುಕೊಂಡೇ ಬೆಟಗೇರಿಯ ಮನೆಗೆ. ಬಗಲಲ್ಲಿ ಡ್ರಾಯಿಂಗ್ ಹಾಳೆಗಳ ಉದ್ದನೆಯ ಕೊಳವೆ. ಅದನ್ನು ಪೈಪು ಎಂದು ತಿಳಿದ ಒಬ್ಬರು ತಮ್ಮ ಮನೆಯ ನಳ ರಿಪೇರಿ ಮಾಡಿಕೊಡುತ್ತೀಯಾ ಎಂದು ಕೇಳಿದ್ದರು. ನಮ್ಮದು ನೇಕಾರ ಮನೆತನ. ಮಗ ಏನು ಓದುತ್ತಾನೆ ಎಂದು ಯಾರಾದರೂ ಕೇಳಿದರೆ ಅಪ್ಪನ ಉತ್ತರ ಸಿದ್ಧವಿರುತ್ತಿತ್ತು: "ನಾವು ನೇಯತೀವಿ, ಅಂವ ಅದನ್ನ ತೂಗ ಹಾಕೂದು ಕಲ್ಯಾಕತ್ತಾನ."

ಕೊನೆಯ ಸೆಮಿಸ್ಟರಿಗೆ 'ಲೈವ್ ಪ್ರಾಜೆಕ್ಟ್' ಇರುತ್ತದೆ. ಯಾರದಾದರೂ ನಿಜವಾದ ಮನೆಯ ಒಂದು ಕೋಣೆಗೆ ವಿನ್ಯಾಸ ಮಾಡಿ, ಮನೆಯವರ ಸಹಿ ಪಡೆದು, ಕಟ್ಟಿಸಿ, ಹೊರಗಿನಿಂದ ಬಂದ ಪರೀಕ್ಷಕರಿಗೆ ಅಂದರೆ ಜ್ಯೂರಿಗೆ ತೋರಿಸಬೇಕು. ಸಹಿ ಇಲ್ಲದಿದ್ದರೆ ಪಾಸಿಲ್ಲ. ನನಗೆ ಸಿಕ್ಕಿದ್ದು ಶಿರಹಟ್ಟಿಯ ಕಿರಾಣಿ ವ್ಯಾಪಾರಿ ಈರಣ್ಣನವರ ಅಡುಗೆಮನೆ. ಅವರು ಅಪ್ಪನ ಪರಿಚಯದವರು. ಅವರ ತಾಯಿ ಗಂಗವ್ವನಿಗೆ ಹಿಂದಿನ ವರ್ಷ ಎರಡೂ ಮೊಣಕಾಲಿಗೆ ಆಪರೇಷನ್ ಆಗಿತ್ತು. ನೆಲಕ್ಕೆ ಕೂರಬಾರದು ಎಂದು ಡಾಕ್ಟರು ಹೇಳಿದ್ದರು, ಬಹಳ ಹೊತ್ತು ನಿಂತರೆ ಕಾಲು ಬಾತುಕೊಳ್ಳುತ್ತಿದ್ದವು. ಮದುವೆಯಾಗಿ ಬಂದಂದಿನಿಂದ ನೆಲಕ್ಕೆ ಕೂತು ಜೋಳದ ರೊಟ್ಟಿ ಬಡಿದ ಕೈ ಸುಮ್ಮನಾಗಿತ್ತು. ಸೊಸೆ ಶಾರದಾ ಪಲ್ಯ ಮಾಡುತ್ತಿದ್ದಳು. ರೊಟ್ಟಿ ಅವಳ ಕೈಗೆ ಅಷ್ಟಾಗಿ ಹತ್ತಿರಲಿಲ್ಲ, ಅದು ಹೊರಗಿನಿಂದ ಬರುತ್ತಿತ್ತು.

ಈರಣ್ಣನವರ ಬೇಡಿಕೆ ಒಂದೇ. ಅವ್ವನಿಗೆ ಇನ್ನು ಯಾವ ಕೆಲಸವೂ ಇರಬಾರದು. ನಾನು ಫೋನಿನಲ್ಲಿ ನೋಡಿದ ಅಡುಗೆಮನೆಗಳನ್ನೆಲ್ಲ ಸೇರಿಸಿ ಹೊಳೆಯುವ ಒಂದು ನಕ್ಷೆ ಮಾಡಿದೆ: ನಿಂತು ಅಡುಗೆ ಮಾಡಲು ಮೂವತ್ನಾಲ್ಕು ಇಂಚು ಎತ್ತರದ ಕಟ್ಟೆ, ಗಾಜಿನ ಒಲೆ, ಸದ್ದಿಲ್ಲದೆ ಮುಚ್ಚುವ ಡ್ರಾಯರು. ಗಂಗವ್ವನನ್ನು ಕೇಳಿದಾಗಲೆಲ್ಲ ಒಂದೇ ಮಾತು: "ನಂದೇನೈತೋ ತಮ್ಮಾ, ಅವರಿಗೆ ಹೆಂಗ ಬೇಕೋ ಹಂಗ ಮಾಡು." ನಾನು ಅದನ್ನು ಒಪ್ಪಿಗೆ ಎಂದು ಬರೆದುಕೊಂಡೆ.

ಅಳತೆಗೆಂದು ಹೋಗಿ ಹೋಗಿ ಆ ಮನೆಯಲ್ಲಿ ನಾನೊಂದು ಪುಕ್ಕಟೆ ನಾಟಕ ಕಂಪನಿಯಾಗಿದ್ದೆ. ಬಸ್ ಕಂಡಕ್ಟರನ ದನಿ, ನಮ್ಮ ಕಾಲೇಜಿನ ಪ್ರಾಜೆಕ್ಟ್ ಗೈಡ್ ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿ "ಕಾನ್ಸೆಪ್ಟ್ ಎಲ್ಲಿ?" ಎನ್ನುವುದು, ಎಲ್ಲ ಮಾಡಿ ತೋರಿಸುತ್ತಿದ್ದೆ. ಒಂದು ಮಧ್ಯಾಹ್ನ ಗಂಗವ್ವ ಹೊರಗಿನ ರೊಟ್ಟಿಯನ್ನು ಮುರಿದು ಹಾಗೇ ತಾಟಿನಲ್ಲಿ ಬಿಟ್ಟರು. ನಗಿಸೋಣವೆಂದು ಕುರ್ಚಿಯಲ್ಲಿ ಕೂತೆ, ಎತ್ತರದ ಮರದ ಸ್ಟೂಲನ್ನು ಮುಂದೆ ಎಳೆದುಕೊಂಡೆ, ಅವರ ದನಿಯಲ್ಲೇ ಸೊಸೆಯನ್ನು "ಲೇ ಶಾರದಾ, ಹಂಚು ಕಾದೈತೇನ?" ಎಂದು ಕೇಳುತ್ತ ಸ್ಟೂಲನ್ನು ಬಡಿಯತೊಡಗಿದೆ. ಶಾರದಾ ಸೆರಗು ಬಾಯಿಗೆ ಒತ್ತಿಕೊಂಡಳು. ಗಂಗವ್ವ ನಗಲಿಲ್ಲ.

"ರೊಟ್ಟಿ ಬಡ್ಯಾಕತ್ತೀಯೋ, ಡೊಳ್ಳು ಬಡ್ಯಾಕತ್ತೀಯೋ? ಏಳು," ಎಂದರು.

ನನ್ನನ್ನು ಎಬ್ಬಿಸಿ ತಾವು ಕೂತರು. ಖಾಲಿ ಸ್ಟೂಲಿನ ಮೇಲೆ ಇಲ್ಲದ ಹಿಟ್ಟನ್ನು ತಿರುಗಿಸುತ್ತ ಬಡಿದರು. ಮೊಣಕಾಲು ಕುರ್ಚಿಯಲ್ಲಿ ನೆಮ್ಮದಿಯಾಗಿದ್ದವು. ನನ್ನ ಪುಸ್ತಕದಲ್ಲಿ ಅಡುಗೆಯವರು ನಿಂತಿರುತ್ತಾರೆ, ಆ ಮನೆಯ ರೂಢಿಯಲ್ಲಿ ನೆಲಕ್ಕೆ ಕೂತಿರುತ್ತಾರೆ. ನಡುವೆ ಕುರ್ಚಿ ಎಂಬುದೊಂದು ಇದೆ ಎಂದು ನನಗಾಗಲಿ ಅವರಿಗಾಗಲಿ ಹೊಳೆದಿರಲಿಲ್ಲ. ಸ್ಟೂಲನ್ನು ಅಳೆದೆ. ಎರಡು ಫೂಟು.

ಕುರ್ಚಿಯಲ್ಲಿ ಕೂತರೆ ಕಾಲು ಒಳಗೆ ಹೋಗುವಂತೆ ತಗ್ಗಿನ ಕಟ್ಟೆ, ಪಕ್ಕದಲ್ಲಿ ಅದೇ ಎತ್ತರಕ್ಕೆ ಒಂಟಿ ಒಲೆ, ಹೀಗೆ ಹೊಸ ನಕ್ಷೆ ಬರೆದುಕೊಂಡು ಹೋದೆ. ಈರಣ್ಣನವರು ಹಾಳೆಯನ್ನು ಪೂರ್ತಿ ಬಿಚ್ಚಲೂ ಬಿಡಲಿಲ್ಲ.

"ಆಪರೇಷನ್ ಆದ ತಾಯಿ ಕಡೆ ರೊಟ್ಟಿ ಬಡಸ್ತಾನಂತ ಓಣಿ ಮಂದಿ ಅಂತಾರ. ಅದೊಂದು ಬಿಟ್ಟು ಉಳಿದದ್ದು ಮಾಡು ತಮ್ಮಾ."

ಶಾರದಾ ಕೂಡ ತಲೆಯಾಡಿಸಿದಳು. ಮಂದಿ ಮಗನಿಗೆ ಒಂದು ಮಾತು ಅಂದರೆ ಸೊಸೆಗೆ ಹತ್ತು ಅನ್ನುತ್ತಾರೆ ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಇತ್ತ ಗೈಡ್ ಮೇಡಂ, ಕಟ್ಟೆ ಒಂದೇ ಎತ್ತರಕ್ಕಿಲ್ಲ, ಅದರ ಲೈನು ನಡುವೆ ತುಂಡಾಗುತ್ತದೆ ಎಂದು ಕೆಂಪು ಪೆನ್ನಿನಲ್ಲಿ ಗೀಟು ಹಾಕಿದರು. ಜ್ಯೂರಿಗೆ ಒಂದು ತಿಂಗಳಿತ್ತು. ನನಗೂ ಸಾಕಾಗಿತ್ತು. ತಗ್ಗಿನ ಕಟ್ಟೆಯನ್ನು ಅಳಿಸಿ, ಸಹಿಯೊಂದು ಬಂದರೆ ಸಾಕು ಎಂದು ಶಿರಹಟ್ಟಿ ಬಸ್ಸು ಹತ್ತಿದೆ. ದಾರಿಯಲ್ಲಿ ಸೊರಟೂರು ದಾಟಿದ್ದು ಗೊತ್ತಾಗದ ಹಾಗೆ ನಿದ್ದೆ.

ಹಾಳೆಯನ್ನು ಬಿಚ್ಚಿದಾಗ ಗಂಗವ್ವ ಮೊದಲ ಬಾರಿಗೆ ಬಗ್ಗಿ ನೋಡಿದರು. "ಇದ್ರಾಗ ನಾ ಎಲ್ಲಿ ಕುಂಡ್ರೂದು?"

ಅಡುಗೆಮನೆಯಲ್ಲಿ ತೋರಿಸಲು ಜಾಗವಿರಲಿಲ್ಲ. ಹಾಲಿನಲ್ಲಿದ್ದ ಸೋಫಾದ ಕಡೆ ಕೈ ಮಾಡಿದೆ. ಅವರು ಮಗನತ್ತ ತಿರುಗಿದರು.

"ಟೀವಿ ಮುಂದ ಕುಂಡ್ರಾಕ ನನಗ ಹೊಸ ಮೊಣಕಾಲ ಹಾಕ್ಸಿದೇನೋ ಈರಣ್ಣಾ?"

"ಮಂದಿ ಅಂತಾರವ್ವಾ."

"ಅಂದವರನ್ನ ನನ್ನ ಕಡೆ ಕಳಸು. ಬಿಸಿ ರೊಟ್ಟಿ ಕೊಟ್ಟು ಕಳಸ್ತೀನಿ."

ಈರಣ್ಣನವರು ಅಂಗಡಿಯಲ್ಲಿ ಗಿರಾಕಿಗೆ ಎಂದೂ ತೋರಿಸದಂಥ ಮುಖ ಮಾಡಿಕೊಂಡು ನೆಲ ನೋಡಿದರು. ಶಾರದಾ ನನ್ನತ್ತ ತಿರುಗಿದಳು.

"ಎರಡು ಕುರ್ಚಿ ಹಿಡ್ಯಂಗ ಮಾಡು. ಬಾಜೂಕ ನಾನೂ ಕುಂಡ್ರತೀನಿ. ಆಗ ಯಾರ ಏನಂತಾರ ನೋಡೂಣು."

ತಗ್ಗಿನ ಕಟ್ಟೆಯನ್ನು ಅಲ್ಲೇ ಮತ್ತೆ ಬರೆದೆ, ಸಹಿ ಬಿತ್ತು. ಮುಂದಿನದೆಲ್ಲ ಸಣ್ಣ ಸಣ್ಣ ತೊಂದರೆಗಳು, ಅದಕ್ಕೇ ದೊಡ್ಡ ಸುಸ್ತು. ಗ್ಯಾಸ್ ಒಲೆ ಸಿಲಿಂಡರಿಗಿಂತ ಮೇಲಿರಬೇಕು. ನಮ್ಮ ಒಲೆಯೋ ತಗ್ಗಿನಲ್ಲಿ. ಸಿಲಿಂಡರನ್ನು ಗೋಡೆಯಾಚೆ, ಮನೆಯ ನೆಲಕ್ಕಿಂತ ಕೆಳಗಿದ್ದ ಹಿತ್ತಿಲಿಗೆ ಇಳಿಸಿ ಪೈಪು ಎಳೆಸಿದೆವು. ಪ್ಲೈವುಡ್ ಕಪಾಟಿನ ಮೇಲೆ ರೊಟ್ಟಿ ಬಡಿದರೆ ಡ್ರಾಯರುಗಳೆಲ್ಲ ನಡುಗುತ್ತವೆ ಎಂದು ಗ್ರಾನೈಟನ್ನು ಇಟ್ಟಂಗಿಯ ಸಣ್ಣ ಗೋಡೆಗಳ ಮೇಲೆ ಕೂರಿಸಿದೆವು.

ಜ್ಯೂರಿಯಲ್ಲಿ ಒಬ್ಬರು ಫೋಟೋ ನೋಡಿ, ಈ ತಗ್ಗಿನ ಭಾಗ ನೋಟ ಕೆಡಿಸುತ್ತದಲ್ಲ ಎಂದರು. ನಾನು ಗಂಗವ್ವನ ಮೊಣಕಾಲಿನ ಕಥೆ ಹೇಳಿದೆ. ಅವರು ವಾಚು ನೋಡಿಕೊಂಡರು. ಪಾಸಾದೆ, ಅಷ್ಟೇ. ಯಾರೂ ಬೆನ್ನು ತಟ್ಟಲಿಲ್ಲ. ತಟ್ಟಿದ್ದರೂ ಆ ವಾರ ನನ್ನ ಬೆನ್ನು ತಡೆದುಕೊಳ್ಳುತ್ತಿರಲಿಲ್ಲ.

ಹೊಸ ಕಟ್ಟೆಯಲ್ಲಿ ಮೊದಲ ದಿನ ಗಂಗವ್ವ ಬಡಿದದ್ದು ನಾಲ್ಕೇ ರೊಟ್ಟಿ. ವರ್ಷದಿಂದ ಬಿಟ್ಟ ಕೈ, ತೋಳು ಸೋತಿತು. ಏಳುತ್ತಾರೆ ಎಂದುಕೊಂಡೆವು, ಏಳಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಶಾರದಾಳ ರೊಟ್ಟಿಯ ಅಂಚು ದಪ್ಪವಾಯಿತು, ನೀರು ಕಡಿಮೆಯಾಯಿತು ಎಂದು ತಪ್ಪು ಹುಡುಕುತ್ತ ಊಟದ ಹೊತ್ತಿನವರೆಗೂ ಅಲ್ಲೇ ಕೂತರು. ಶಾರದಾ ನನ್ನನ್ನು ನೋಡಿದ ನೋಟದಲ್ಲಿ ಕೃತಜ್ಞತೆ ಇರಲಿಲ್ಲ.

ಈಗ ಗದಗಿನಲ್ಲಿ ನನ್ನದೇ ಸಣ್ಣ ಆಫೀಸಿದೆ. ಮನೆಯವರಿಗೆ ಆರಾಮ ಆಗಬೇಕು ಎಂದು ಬರುವವರೇ ಹೆಚ್ಚು. ಆ ಕಟ್ಟೆಯ ಕೆಲಸ ಕಲಿಸಿದ್ದು ಇಷ್ಟು: ಯಾರಿಗೆ ಆರಾಮ ಮಾಡಲು ಹೊರಟಿದ್ದೇವೋ, ಅವರಿಗೆ ಯಾವ ಕೆಲಸ ಬಿಡಲು ಮನಸ್ಸಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಕೇಳಿದ ಕೂಡಲೇ ಯಾರೂ ಹೇಳುವುದಿಲ್ಲ. ಹೋಗಬೇಕು, ಚಹಾ ಕುಡಿಯಬೇಕು, ಸುಮ್ಮನೆ ಕೂತು ಬರಬೇಕು, ಮತ್ತೆ ಹೋಗಬೇಕು. ಇದಕ್ಕೆ ಬಿಲ್ಲು ಹಾಕಲು ಬರುವುದಿಲ್ಲ, ದಣಿವು ಮಾತ್ರ ಬರುತ್ತದೆ. ಆದರೂ ಅದು ತಿಳಿಯುವ ತನಕ ನಾನು ಅಳತೆ ಟೇಪು ಹೊರಗೆ ತೆಗೆಯುವುದಿಲ್ಲ.